ತಪ್ಪೆಲ್ಲ ಮಂಡಿಯದ್ದಲ್ಲ

ಸೋಮವಾರದ ಸಂತೆಗೆ ಹೋದಾಗ ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ತರಕಾರಿ ಚೀಲ ಕೆಳಗಿಟ್ಟು ತಲೆ ಎತ್ತಿ ನನ್ನನ್ನು ನೋಡುತ್ತಾರೆ. ಜೊತೆಗಿದ್ದವರಿಗೆ ಹೇಳುತ್ತಾರೆ: "ಇವ್ನು ಬ್ಯಾಸ್ಕೆಟ್‌ಬಾಲ್ ಆಡ್ತಿದ್ದ. ಪಾಪ, ಮಂಡಿ ಹೋಯ್ತು. ಇಲ್ದಿದ್ರೆ ಇಂಡಿಯಾಗೆ ಆಡ್ಬೇಕಿತ್ತು." ನಾನು ಸುಮ್ನೆ ತಲೆ ಆಡಿಸಿ ಬರುತ್ತಿದ್ದೆ. ಹತ್ತು ಹನ್ನೆರಡು ವರ್ಷ ಹಾಗೇ ತಲೆ ಆಡಿಸಿದೆ.

ಮಂಡಿ ಹೋದದ್ದು ನಿಜ. ಎರಡು ಸಲ ಹೋಯಿತು. ಆದರೆ ಅದಕ್ಕಿಂತ ಮೊದಲೇ ಇನ್ನೇನೋ ಸವೆಯುತ್ತಾ ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಶಾಂತಳ್ಳಿ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗನಿಗೆ ಹದಿನೇಳು. ಆರಡಿ ಮೂರಿಂಚು. ಬಲಗಾಲಿಗೆ ಬ್ರೇಸ್ ಕಟ್ಟಿತ್ತು. "ಆಪರೇಷನ್ ಮಾಡ್ಸಿದ್ರೆ ಮತ್ತೆ ಆಡ್ಬೋದಾ?" ಎಂದು ಅಪ್ಪ ಕೇಳಿದರು. ಹುಡುಗ ನೆಲ ನೋಡುತ್ತಿದ್ದ. ಅವನ ಮುಂದೆ ಆ ಹಳೇ ಕಥೆ ಹೇಳಲು ಬಾಯಿ ಬರಲಿಲ್ಲ. ಅವತ್ತು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸೋಮವಾರಪೇಟೆಯಿಂದ ಆಚೆ, ಇಳಿಜಾರಿನಲ್ಲಿ ಐದು ಎಕರೆ ಕಾಫಿ. ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ನಮ್ಮ ಜಿಲ್ಲೆಯಲ್ಲಿ ಆಟ ಅಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ನನಗೆ ಒಂಬತ್ತು ವರ್ಷ. ನಮ್ಮ ಪೇಟೆಯ ಹುಡುಗರೂ ಸ್ಟಿಕ್ ಹಿಡಿದೇ ಬೆಳೆದವರು. ಬಗ್ಗಿ ಆಡುವ ಆಟ ನನಗೆ ಆಗಿಬರಲಿಲ್ಲ. ಹನ್ನೆರಡು ತುಂಬುವಷ್ಟರಲ್ಲಿ ಅಪ್ಪನ ಎತ್ತರಕ್ಕೆ ಬಂದಿದ್ದೆ.

ಬ್ಯಾಸ್ಕೆಟ್‌ಬಾಲ್‌ಗೆ ಸಮತಟ್ಟು ನೆಲ ಬೇಕು. ಕೊಡಗಿನ ತೋಟದ ಮನೆಯಲ್ಲಿ ಸಮತಟ್ಟಾಗಿರುವುದು ಕಾಫಿ ಒಣಗಿಸುವ ಕಣ ಒಂದೇ. ಅಪ್ಪ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ರಿಂಗ್ ಮಾಡಿಸಿ ತಂದರು. ಮೆಣಸು ಕುಯ್ಯುವ ಏಣಿ ಹತ್ತಿ, ಟೇಪು ಹಿಡಿದು, ಸರಿಯಾಗಿ ಹತ್ತು ಅಡಿಗೆ ಗೋದಾಮಿನ ಗೋಡೆಗೆ ಬೋಲ್ಟು ಹಾಕಿದರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ. ಜೂನ್ ಬಂದರೆ ಮಳೆ, ಪಾಚಿ. ನನಗೆ ಸಿಗುತ್ತಿದ್ದದ್ದು ಏಪ್ರಿಲ್, ಮೇ, ಆಮೇಲೆ ಮಳೆ ಬಿಟ್ಟ ಮೇಲಿನ ಒಂದಷ್ಟು ದಿನ. ಆ ದಿನಗಳಲ್ಲಿ ಚೆಂಡು ಬಿಟ್ಟರೆ ಬೇರೇನೂ ಬೇಕಾಗಿರಲಿಲ್ಲ. ಕತ್ತಲಾಗಿ ರಿಂಗ್ ಕಾಣದಿದ್ದರೂ ಸದ್ದಿನ ಮೇಲೆ ಎಸೆಯುತ್ತಿದ್ದೆ. ಇದನ್ನು ಬರೆಯಲೇಬೇಕು. ಆಸೆ ಇಲ್ಲದೆ ಆಟಕ್ಕೆ ಬಂದವನಲ್ಲ ನಾನು.

ಹದಿನಾಲ್ಕಕ್ಕೆ ಕ್ರೀಡಾ ಹಾಸ್ಟೆಲ್ ಸೇರಿದೆ. ಹದಿನೆಂಟಕ್ಕೆ ಆರಡಿ ಆರಿಂಚು. ಕೈ ಎತ್ತಿ ನಿಂತರೆ ರಿಂಗಿಗೆ ಒಂದೂವರೆ ಅಡಿಯಷ್ಟೇ ಬಾಕಿ. ನನ್ನನ್ನು ಸೆಂಟರ್ ಮಾಡಿದರು. ಬೋರ್ಡಿನ ಕೆಳಗೆ ನಿಂತು, ಬೆನ್ನಿಗೆ ಎದುರಾಳಿಯನ್ನು ಒರಗಿಸಿಕೊಂಡು, ಬಂದ ಚೆಂಡು ಹಿಡಿದು ತಿರುಗಿ ಹಾಕುವ ಕೆಲಸ. ರಿಂಗಿನ ಮುಂದಿನ ಆ ಬಣ್ಣ ಬಳಿದ ಜಾಗದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಆಗ ಅದು ಕೆಳಗೆ ಅಗಲ, ಮೇಲೆ ಕಿರಿದಾಗಿತ್ತು. 2010ರಲ್ಲಿ ನೇರ ಆಯತ ಮಾಡಿದರು. ಅಷ್ಟೊತ್ತಿಗೆ ನನ್ನ ಆಟ ಮುಗಿದಿತ್ತು.

ಸೆಂಟರ್ ಕೆಲಸ ನನಗೆ ಸುಲಭವಾಗಿ ಬಂತು. ಅದೇ ಮುಂದೆ ಮುಳುವಾಯಿತು. ತಲೆಯ ಮೇಲಿಂದ ಎಡಗೈ ಬೀಸಿ ಹಾಕುವ ಹುಕ್ ಶಾಟ್ ಯಾರೂ ಕಲಿಸದೆ ಬಂತು. ಬೇರೆಯವರು ವರ್ಷಗಟ್ಟಲೆ ಕಲಿಯುವುದನ್ನು ನಾನು ಎರಡು ವಾರದಲ್ಲಿ ಮಾಡುತ್ತಿದ್ದೆ. ಅದರಿಂದ ಕಷ್ಟಪಟ್ಟು ಕಲಿಯುವುದು ಅಂದರೆ ಏನು ಅಂತ ನನಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಐದೂವರೆಗೆ ಮೈದಾನ. ಓಟ, ಮೆಟ್ಟಿಲು, ಒಂದೇ ಕಾಲಿನಲ್ಲಿ ಕುಳಿತು ಏಳುವುದು. ನಾನು ಕಳ್ಳತನ ಮಾಡುತ್ತಿದ್ದೆ. ಇಪ್ಪತ್ತು ಹೇಳಿದರೆ ಹನ್ನೆರಡು. ಕೋಚ್ ನೋಡುತ್ತಿದ್ದರು, ಬೈಯುತ್ತಿದ್ದರು. ಆದರೆ ಶನಿವಾರದ ಮ್ಯಾಚಿನಲ್ಲಿ ಇಪ್ಪತ್ತು ಪಾಯಿಂಟ್ ಹೊಡೆದು ಹದಿನೈದು ರೀಬೌಂಡ್ (ರಿಂಗಿಗೆ ಬೀಳದೆ ವಾಪಸ್ ಚಿಮ್ಮಿದ ಚೆಂಡು) ಹಿಡಿದರೆ ಸೋಮವಾರ ಬೈಗುಳ ಮರೆತುಹೋಗುತ್ತಿತ್ತು. ಒಮ್ಮೆ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಎತ್ತರ ದೇವ್ರು ಕೊಟ್ಟ. ಕಾಲು ನೀನೇ ಮಾಡ್ಕೋಬೇಕು ಕಣೋ" ಎಂದರು. ಆ ಮಾತು ನನಗೆ ಕೇಳಿಸಿದ್ದು ಅದಾಗಿ ಹದಿನೆಂಟು ವರ್ಷ ಕಳೆದ ಮೇಲೆ.

ಇನ್ನೊಂದು ವಿಷಯ. ಕಣದಲ್ಲಿ ನಾನು ದೂರದಿಂದ ಎಸೆಯುತ್ತಿದ್ದೆ, ಓಡಿಬಂದು ಹಾರುತ್ತಿದ್ದೆ. ಹಾಸ್ಟೆಲಿನಲ್ಲಿ ನಾನು ಒಂದು ಕಂಬ. ಎತ್ತರದ ಹುಡುಗ ಅಂದರೆ ಬೋರ್ಡಿನ ಕೆಳಗೆ, ಅಷ್ಟೇ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪನೂ ಹಾಗೇ ಅಂದುಕೊಂಡಿದ್ದರು. ಆಟ ನಿಧಾನವಾಗಿ ನನ್ನ ಕೈಬಿಟ್ಟು ಮನೆಯವರ ಲೆಕ್ಕಕ್ಕೆ ಸೇರಿತು. ಚೆಂಡು ಹಿಡಿದಾಗಿನ ಆ ಖುಷಿ ಯಾವಾಗ ಹೋಯಿತೋ ನೆನಪಿಲ್ಲ. ಗಾಯಕ್ಕಿಂತ ಒಂದು ವರ್ಷ ಮೊದಲೇ ಹೋಗಿತ್ತು ಎಂಬುದು ಮಾತ್ರ ಗೊತ್ತು.

2007ರ ಬೇಸಿಗೆಯಲ್ಲಿ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪೋರ್ಟ್‌ಲ್ಯಾಂಡ್ ತಂಡ ಗ್ರೆಗ್ ಓಡೆನ್‌ನನ್ನು ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಮೊದಲನೆಯವನಾಗಿ ಆರಿಸಿಕೊಂಡಿತು. ಏಳಡಿ ಸೆಂಟರ್. ಹುಟ್ಟಿದ್ದು 1988, ನನ್ನ ವರ್ಷವೇ. ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಅವನ ಆಟ ನೋಡುತ್ತಿದ್ದೆ. ಸೆಪ್ಟೆಂಬರಿನಲ್ಲಿ ಅವನ ಬಲಮಂಡಿಗೆ ಆಪರೇಷನ್ ಆಯಿತು. ಮೊದಲ ಸೀಸನ್ ಪೂರ್ತಿ ಹೋಯಿತು. ಅಯ್ಯೋ ಪಾಪ ಅಂದುಕೊಂಡೆ. ನಾಲ್ಕು ತಿಂಗಳು ಕಳೆದು ನನ್ನ ಸರದಿ ಬಂತು.

2008ರ ಜನವರಿ. ಕಾಲೇಜು ಮ್ಯಾಚು. ರೀಬೌಂಡಿಗೆ ಹಾರಿ, ಎರಡೂ ಕೈಯಲ್ಲಿ ಚೆಂಡು ಹಿಡಿದು, ಬಲಗಾಲಿನ ಮೇಲೆ ಇಳಿದೆ. ಪಾದ ನೆಲಕ್ಕೆ ಅಂಟಿತು, ಮಂಡಿ ಒಳಕ್ಕೆ ತಿರುಗಿತು. ಹಸಿ ಕಡ್ಡಿ ಮುರಿದ ಹಾಗೆ 'ಟಪ್' ಅಂತ ಒಳಗೇ ಕೇಳಿಸಿತು. ಯಾರೂ ತಾಗಿರಲಿಲ್ಲ. ಈ ಗಾಯ ಹೆಚ್ಚಾಗಿ ಹಾಗೇ ಆಗುವುದು, ಯಾರೂ ತಾಗದೆ, ಇಳಿಯುವಾಗ ಅಥವಾ ತಟ್ಟನೆ ತಿರುಗುವಾಗ. ಸಂಜೆಯಷ್ಟರಲ್ಲಿ ಮಂಡಿ ಎಳನೀರು ಬುರುಡೆಯಷ್ಟು ಊದಿತ್ತು. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಎಸಿಎಲ್ ಪೂರ್ತಿ ಹರಿದಿದೆ ಎಂದರು. ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವೆ ಅಡ್ಡಲಾಗಿ ಕಟ್ಟಿದ ಗಟ್ಟಿ ಲಿಗಮೆಂಟ್ ಅದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುತ್ತದೆ. ಪೂರ್ತಿ ಹರಿದದ್ದನ್ನು ಸುಮ್ನೆ ಹೊಲಿದರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಮ್ಮದೇ ತೊಡೆಯ ಹಿಂಭಾಗದಿಂದ ನಾರು ತೆಗೆದು, ಮೂಳೆಯಲ್ಲಿ ತೂತು ಕೊರೆದು, ಹೊಸದಾಗಿ ಕೂರಿಸುತ್ತಾರೆ. ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಚೆನ್ನಾಗೇ ಆಯಿತು. ಡಾಕ್ಟರರ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ.

ಮನೆಗೆ ಬರುವಾಗ ಒಂದು ಹಾಳೆ ಕೊಟ್ಟಿದ್ದರು, ಮಾಡಬೇಕಾದ ವ್ಯಾಯಾಮದ ಚಿತ್ರಗಳು, ಪಕ್ಕದಲ್ಲಿ ಗುರುತು ಹಾಕಲು ಚೌಕ. ಮೊದಲನೆಯದು ತೀರಾ ಸಣ್ಣ ಕೆಲಸ. ಟವೆಲ್ ಸುತ್ತಿ ಮಂಡಿಯ ಕೆಳಗೆ ಇಟ್ಟು, ತೊಡೆ ಬಿಗಿ ಮಾಡಿ, ಮಂಡಿಯನ್ನು ಟವೆಲಿಗೆ ಒತ್ತಬೇಕು. ಹತ್ತು ಸೆಕೆಂಡು ಹಿಡಿದು ಬಿಡಬೇಕು. ಹತ್ತು ಸಲ. ದಿನಕ್ಕೆ ಐದಾರು ಬಾರಿ.

ಕೇಳಿದರೆ ಏನೂ ಅನಿಸುವುದಿಲ್ಲ, ಅಲ್ವಾ? ಮಾಡಲು ಹೋದರೆ ತೊಡೆ ಅಲುಗುವುದೇ ಇಲ್ಲ. ಮಂಡಿ ಊದಿದಾಗ ತೊಡೆಯ ಮುಂಭಾಗದ ಸ್ನಾಯು ತಾನಾಗಿ ಮಲಗಿಬಿಡುತ್ತದೆ. ಒತ್ತು ಅಂತ ತಲೆ ಹೇಳುತ್ತದೆ, ಕಾಲಿಗೆ ತಲುಪುವುದಿಲ್ಲ. ಮೂರು ತಿಂಗಳ ಹಿಂದೆ ರಿಂಗ್ ಹಿಡಿದು ನೇತಾಡಿದ ಕಾಲು ಅದು. ಈಗ ಒಂದು ಟವೆಲ್ ಒತ್ತಲು ಆಗುತ್ತಿಲ್ಲ. ನನಗೆ ಅಳು ಬಂತು. ಅಳು ನಿಂತ ಮೇಲೆ ಬೇಜಾರು ಬಂತು. ಬೇಜಾರು ಬಂದ ಮೇಲೆ ಬಿಟ್ಟೆ.

ಅವ್ವ ಪ್ರತಿದಿನ ಬೆಳಿಗ್ಗೆ ರೊಟ್ಟಿ ತಟ್ಟುವ ಮೊದಲು ಒಂದು ಒಗೆದ ಟವೆಲ್ ಮಡಚಿ ನನ್ನ ಮಂಚದ ಮೇಲೆ ಇಟ್ಟು ಹೋಗುತ್ತಿದ್ದಳು. ಸಂಜೆ ಬಂದು ನೋಡುತ್ತಿದ್ದಳು. ಮಡಿಕೆ ಹಾಗೇ ಇರುತ್ತಿತ್ತು. ಅದನ್ನೇ ತೆಗೆದು ಬೀರುವಿನಲ್ಲಿ ಇಡುತ್ತಿದ್ದಳು. ಒಂದು ಮಾತು ಆಡುತ್ತಿರಲಿಲ್ಲ. ಹಾಳೆಯಲ್ಲಿ ಮಾತ್ರ ನಾನು ಎಲ್ಲ ಚೌಕಕ್ಕೂ ಗುರುತು ಹಾಕಿದ್ದೆ. ಅಪ್ಪ ಆ ಹಾಳೆ ನೋಡಿ ಖುಷಿಪಡುತ್ತಿದ್ದರು.

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ನೋವು ಹೋಯಿತು. ಇಲ್ಲೇ ದೊಡ್ಡ ಮೋಸ ಇರುವುದು. ಕೂರಿಸಿದ ನಾರು ಮೊದಲ ಕೆಲವು ತಿಂಗಳು ಗಟ್ಟಿಯಾಗುವ ಬದಲು ಇನ್ನೂ ಮೆದುವಾಗುತ್ತದೆ. ಅದಕ್ಕೆ ಹೊಸ ರಕ್ತನಾಳ ಬಂದು, ನಿಧಾನವಾಗಿ ಲಿಗಮೆಂಟಿನ ಗುಣ ಬರಬೇಕು. ಹುಡುಗನಿಗೆ ಹೀಗೆ ಹೇಳಿದೆ: ಕಸಿ ಕಟ್ಟಿದ ಗಿಡ ನೋಡಿದ್ದೀಯಲ್ಲ. ಮೇಲೆ ಚಿಗುರು ಬಂದಿರುತ್ತದೆ. ಕಟ್ಟಿದ ಜಾಗ ಇನ್ನೂ ಕೂಡಿರುವುದಿಲ್ಲ. ಆಗ ಗಿಡ ಹಿಡಿದು ಅಲ್ಲಾಡಿಸಿದರೆ ಏನಾಗುತ್ತದೆ? ಅವನು ಮೊದಲ ಸಲ ತಲೆ ಎತ್ತಿದ. ತೋಟದ ಹುಡುಗ, ಅವನಿಗೆ ಗೊತ್ತು.

ಆಟಕ್ಕೆ ಮರಳಲು ಕಡಿಮೆ ಎಂದರೂ ಒಂಬತ್ತು ತಿಂಗಳು ಬೇಕು. ತಿಂಗಳು ಎಣಿಸಿದರೂ ಸಾಲದು. ಗಾಯದ ಕಾಲಿನ ಬಲ ಒಳ್ಳೆ ಕಾಲಿನ ನೂರಕ್ಕೆ ತೊಂಬತ್ತಾದರೂ ಇರಬೇಕು. ಒಂಟಿ ಕಾಲಿನಲ್ಲಿ ಹಾರಿ ಎರಡೂ ಕಡೆ ಅಳೆಯುತ್ತಾರೆ. ನಾನು ಆರನೇ ತಿಂಗಳಿಗೆ ಮೈದಾನಕ್ಕೆ ಇಳಿದೆ. ಯಾರೂ ಅಳೆಯಲಿಲ್ಲ, ನಾನೂ ಕೇಳಲಿಲ್ಲ. ಕೋಟಾದ ಆಯ್ಕೆ ಹತ್ತಿರ ಬಂದಿತ್ತು.

ಮುಂದಿನ ಎರಡು ವರ್ಷದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹಾರಲು ಹೆದರುವ ಸೆಂಟರ್ ಆಗಿದ್ದೆ. ರೀಬೌಂಡಿಗೆ ಎದುರಾಳಿಯನ್ನು ಮೈಯಿಂದ ತಡೆದು ನಿಲ್ಲುವಾಗ (ಬಾಕ್ಸ್ ಔಟ್) ಬಲಗಾಲು ತಪ್ಪಿಸುತ್ತಿದ್ದೆ. ತೂಕ ಹತ್ತು ಕಿಲೋ ಏರಿತು. ಬೆಳಗಿನ ಪ್ರಾಕ್ಟೀಸಿಗೆ ಮಂಡಿ ನೋವು ಎಂದರೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಎಷ್ಟೋ ದಿನ ನೋವು ಇರಲಿಲ್ಲ. ಏಳಲು ಮನಸ್ಸಿರಲಿಲ್ಲ. ಗಾಯ ನನಗೆ ಮರ್ಯಾದೆಯ ಮರೆ ಆಯಿತು. ಆಟ ಬೇಡವಾಗಿದೆ ಎಂದು ಹೇಳಿದ್ದರೆ ಜನ ಬೈಯುತ್ತಿದ್ದರು. ಮಂಡಿ ಎಂದರೆ ಪಾಪ ಎನ್ನುತ್ತಿದ್ದರು. 2010ರ ಸೆಪ್ಟೆಂಬರಿನಲ್ಲಿ ಪ್ರಾಕ್ಟೀಸಿನಲ್ಲೇ, ಅದೇ ಕಾಲು, ಅದೇ ಸದ್ದು. ಎಳೆ ವಯಸ್ಸಿನಲ್ಲಿ ಈ ಆಪರೇಷನ್ ಆಗಿ ಆಟಕ್ಕೆ ಮರಳಿದವರಲ್ಲಿ ನಾಲ್ಕೈದು ಜನಕ್ಕೆ ಒಬ್ಬರಿಗೆ ಆ ಮಂಡಿಯೋ ಇನ್ನೊಂದು ಮಂಡಿಯೋ ಮತ್ತೆ ಹರಿಯುತ್ತದೆ. ಅವಸರಪಟ್ಟವರಿಗೆ ಅಪಾಯ ಇನ್ನೂ ಜಾಸ್ತಿ.

ನೆಲದ ಮೇಲೆ ಬಿದ್ದಿದ್ದಾಗ ನನಗೆ ಮೊದಲು ಆದದ್ದು ನೋವಲ್ಲ, ನೆಮ್ಮದಿ. ಇನ್ನು ನಾಳೆ ಏಳಬೇಕಾಗಿಲ್ಲ ಎಂಬ ನೆಮ್ಮದಿ. ಇದನ್ನು ನಾನು ಹೇಳಿದಾಗ ಶಾಂತಳ್ಳಿಯ ಆ ಹುಡುಗ ನನ್ನ ಮುಖವನ್ನೇ ನೋಡಿದ. ಅವನಿಗೂ ಏನೋ ತಟ್ಟಿತು ಅನಿಸುತ್ತದೆ. ಅವನ ಅಪ್ಪನಿಗೆ ಅರ್ಥವಾಯಿತೋ ಇಲ್ಲವೋ.

ಎರಡನೇ ಸಲ ಆಪರೇಷನ್ ಮಾಡಿಸಲಿಲ್ಲ. ಮನೆಗೆ ಬಂದೆ. ತೋಟ ನೋಡಿಕೊಂಡೆ.

ಓಡೆನ್‌ನ ಸುದ್ದಿಯನ್ನು ಮಾತ್ರ ಬಿಡಲಿಲ್ಲ. 2009ರ ಡಿಸೆಂಬರಿನಲ್ಲಿ ಅವನ ಎಡಮಂಡಿಯ ಚಿಪ್ಪು ಒಡೆಯಿತು. 2010ರ ನವೆಂಬರಿನಲ್ಲಿ ಅದೇ ಮಂಡಿಗೆ ದೊಡ್ಡ ಆಪರೇಷನ್. ಕೊನೆಗೆ ಎನ್‌ಬಿಎಯಲ್ಲಿ ಅವನು ಆಡಿದ್ದು ಒಟ್ಟು 105 ಮ್ಯಾಚು. ಆಂಡ್ರ್ಯೂ ಬೈನಮ್ ಇನ್ನೊಬ್ಬ. 2005ರಲ್ಲಿ ಹದಿನೇಳನೇ ವಯಸ್ಸಿಗೇ ಲೇಕರ್ಸ್ ತಂಡ ಆರಿಸಿಕೊಂಡ ಸೆಂಟರ್. ಎರಡು ಸಲ ಚಾಂಪಿಯನ್ ತಂಡದಲ್ಲಿದ್ದ. 2012ರಲ್ಲಿ ಫಿಲಡೆಲ್ಫಿಯಾಗೆ ಹೋದ, ಮಂಡಿಯಿಂದಾಗಿ ಅಲ್ಲಿ ಒಂದು ಮ್ಯಾಚೂ ಆಡಲಿಲ್ಲ. ಇಪ್ಪತ್ತಾರು ವರ್ಷಕ್ಕೆ ಅವನ ಎನ್‌ಬಿಎ ಆಟ ಮುಗಿಯಿತು. ಅವನಿಗೆ ಆಟದ ಮೇಲೆ ಮನಸ್ಸಿಲ್ಲ ಎಂದು ಅಲ್ಲಿನವರು ಬರೆದದ್ದು ಓದಿದಾಗ ನನಗೆ ಸಿಟ್ಟು ಬಂತು. ನೋಯುವ ಮಂಡಿಯ ಜೊತೆ ದಿನಾ ಏಳುವವನ ಮನಸ್ಸು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಮಂಡಿ ಮೊದಲೋ ಮನಸ್ಸು ಮೊದಲೋ ಅಂತ ನನ್ನ ವಿಷಯದಲ್ಲಿ ನಾನೊಬ್ಬನೇ ಹೇಳಬಲ್ಲೆ. ಬೇರೆಯವರ ವಿಷಯದಲ್ಲಿ ಹೇಳಲಾರೆ.

ನಮ್ಮ ಪೇಟೆಯವರೇ ಎಸ್.ವಿ. ಸುನಿಲ್. 2012, 2016 ಎರಡೂ ಒಲಿಂಪಿಕ್ಸ್ ಆಡಿದವರು. 2018ರ ಹಾಕಿ ವಿಶ್ವಕಪ್ ಅವರಿಗೆ ತಪ್ಪಿದ್ದು ಮಂಡಿಯ ಗಾಯದಿಂದಲೇ. ಮೂವತ್ತರ ಹತ್ತಿರ ಆ ಗಾಯ, ಆದರೂ ಮುಂದಿನ ವರ್ಷ ಮತ್ತೆ ಭಾರತಕ್ಕೆ ಆಡಿದರು. ಆ ಸುದ್ದಿ ಪೇಪರಿನಲ್ಲಿ ಓದಿದ ದಿನ ನಾನು ಕಣದ ಕಟ್ಟೆಯ ಮೇಲೆ ತುಂಬ ಹೊತ್ತು ಕೂತಿದ್ದೆ. ಗೋಡೆಯ ಮೇಲೆ ರಿಂಗ್ ತುಕ್ಕು ಹಿಡಿದು ಒಂದು ಕಡೆ ವಾಲಿತ್ತು.

2023ರ ಫೆಬ್ರವರಿಯಲ್ಲಿ ಮೆಣಸು ಕುಯ್ಯುವಾಗ ಏಣಿಯಿಂದ ಇಳಿದೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡಿತು. ನೆಟ್ಟಗಾಗಲಿಲ್ಲ. ಇಬ್ಬರು ಆಳುಗಳು ಹೊತ್ತು ತಂದರು. ಹನ್ನೆರಡು ವರ್ಷಕ್ಕೂ ಮೇಲೆ ಲಿಗಮೆಂಟ್ ಇಲ್ಲದೆ ಇಳಿಜಾರಿನಲ್ಲಿ ಓಡಾಡಿದ್ದೆ. ಮೂಳೆಗಳ ನಡುವೆ ಮೆತ್ತೆಯಂತೆ ಇರುವ ಮೆನಿಸ್ಕಸ್ ಹರಿದು ಒಳಗೆ ಸಿಕ್ಕಿಕೊಂಡಿತ್ತು. ಅದನ್ನು ಸರಿಮಾಡಿ, ಮಂಡಿಚಿಪ್ಪಿನ ಕೆಳಗಿನ ನಾರಿನಿಂದ ಇನ್ನೊಮ್ಮೆ ಲಿಗಮೆಂಟ್ ಕೂರಿಸಿದರು. ನನಗೆ ಮೂವತ್ತೈದು. ಕೋಟಾ ಇಲ್ಲ, ಆಯ್ಕೆ ಇಲ್ಲ, ಕಾಯುವ ಕೋಚ್ ಇಲ್ಲ. ತೋಟದ ಇಳಿಜಾರು ಇಳಿಯಬೇಕು, ಅಷ್ಟೇ.

ಫಿಸಿಯೋ ಒಬ್ಬ ಹುಡುಗಿ. ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಗುರುತು ಮಾಡಿ ಎರಡೂ ತೊಡೆಗೆ ಟೇಪು ಸುತ್ತಿದಳು. ಬಲತೊಡೆ ನಾಲ್ಕು ಸೆಂಟಿಮೀಟರ್ ಸಣ್ಣ. "ಇದು ಆಪರೇಷನ್‌ದಲ್ಲ ಸಾರ್, ಹಳೇದು" ಎಂದಳು. ಆಮೇಲೆ ಒಂದು ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟಳು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವ್ವ ಟವೆಲ್ ತಂದಿಟ್ಟಳು. ಅವಳಿಗೆ ಈಗ ಬಗ್ಗಲು ಕಷ್ಟ, ಮಂಚ ಹಿಡಿದುಕೊಂಡೇ ಇಟ್ಟಳು. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ನಾ ಎಣಿಸ್ತೀನಿ, ನೀ ಒತ್ತು" ಎಂದರು. ಒಂದು, ಎರಡು, ಮೂರು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಇಲ್ಲ. ಅಪ್ಪ ಎಣಿಸುವುದು ನಿಲ್ಲಿಸಲಿಲ್ಲ. ಆರನೇ ದಿನ ಹೊರಗೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತಿತ್ತು. ಏಳು ಅನ್ನುವಾಗ ತೊಡೆಯಲ್ಲಿ ಒಂದು ಎಳೆ ಮಿಸುಕಿತು. ಮೀನು ಮಗ್ಗುಲಾದಷ್ಟು. ಅಪ್ಪ ನೋಡಿದರು. ಎಣಿಸುವುದು ಬಿಟ್ಟು ಕೈ ಇಟ್ಟು ನೋಡಿದರು. "ಇದೆ" ಎಂದರು. ಹದಿನೈದು ವರ್ಷದ ಹಿಂದೆ ಅವರಿಗೆ ಸುಳ್ಳು ಗುರುತಿನ ಹಾಳೆ ತೋರಿಸಿದ್ದೆ ಎಂದು ಅವತ್ತು ಹೇಳಿದೆ. "ಗೊತ್ತಿತ್ತು. ಅವ್ವ ಹೇಳಿದ್ಲು" ಎಂದರು. ಮತ್ತೆ ಒಂದರಿಂದ ಶುರುಮಾಡಿದರು.

ಆಮೇಲಿನದೆಲ್ಲ ಇದೇ ಕೆಲಸ, ತೂಕ ಮಾತ್ರ ಏರುತ್ತಾ ಹೋಗುತ್ತದೆ. ಹಿಮ್ಮಡಿ ಎಳೆದು ಮಂಡಿ ಮಡಚುವುದು, ತೊಂಬತ್ತು ಡಿಗ್ರಿ ಬರುವ ತನಕ. ಕಾಲು ನೆಟ್ಟಗೆ ಎತ್ತುವುದು. ಗೋಡೆಗೆ ಒರಗಿ ಕೂರುವುದು. ಮೆಟ್ಟಿಲಿನಿಂದ ಒಂದೇ ಕಾಲಿನಲ್ಲಿ ನಿಧಾನ ಇಳಿಯುವುದು, ಮಂಡಿ ಒಳಕ್ಕೆ ವಾಲದ ಹಾಗೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಳು ತುಂಬಿ ತೂಕ ಮಾಡಿಕೊಂಡೆ. ಮಳೆಗಾಲ ಪೂರ್ತಿ ಗೋದಾಮಿನೊಳಗೆ ಮಾಡಿದೆ, ಗೋಣಿಚೀಲದ ವಾಸನೆಯ ನಡುವೆ. ಬೇಜಾರಾಗುತ್ತಿತ್ತು. ಬೇಜಾರಾದ ದಿನವೂ ಇಪ್ಪತ್ತು ಅಂದರೆ ಇಪ್ಪತ್ತೇ ಮಾಡಿದೆ. ಆ ವಯಸ್ಸಿನಲ್ಲಿ ಇದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲವೇ ಎಂದು ರಾತ್ರಿ ಯೋಚನೆ ಬರುತ್ತಿತ್ತು. ಆಗುತ್ತಿತ್ತು.

ಆ ಹುಡುಗನಿಗೆ ಆಪರೇಷನ್ ಮಾಡಿಸು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅದು ಡಾಕ್ಟರ್ ಹೇಳಬೇಕಾದ್ದು. ಅವನ ಅಪ್ಪ ಕಾಫಿ ಕುಡಿಯಲು ಒಳಗೆ ಹೋದಾಗ ಒಂದೇ ಪ್ರಶ್ನೆ ಕೇಳಿದೆ: "ನಿಂಗೆ ಆಡ್ಬೇಕು ಅನ್ಸತ್ತಾ?" ಅವನು ತಕ್ಷಣ ಉತ್ತರ ಕೊಡಲಿಲ್ಲ. ಕಣದ ಆಚೆ ಗೋಡೆ ನೋಡಿದ. ಹೋದ ವರ್ಷ ರಿಂಗ್ ಬಿಚ್ಚಿ ತುಕ್ಕು ಉಜ್ಜಿ ಮತ್ತೆ ಹಾಕಿದ್ದೇನೆ. "ಅದು ಹತ್ತಡಿ ಇದ್ಯಾ?" ಎಂದು ಕೇಳಿದ. ಸರಿಯಾಗಿ ಹತ್ತಡಿ ಎಂದೆ. ಬ್ರೇಸ್ ಕಟ್ಟಿದ ಕಾಲಿನಲ್ಲೇ ಕುಂಟುತ್ತಾ ಹೋಗಿ, ನಿಂತಲ್ಲಿಂದಲೇ ಒಂದು ಎಸೆದ. ತಾಗಿ ಹೊರಗೆ ಬಂತು. ಇನ್ನೊಂದು ಎಸೆದ. ಬೇಕು ಅನಿಸುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅವರು ಹೋದ ಮೇಲೆ ಅವ್ವ ಹೊಲಿಗೆ ಮೆಷಿನ್ನಿನ ಡ್ರಾ ಎಳೆದು ಟೇಪು ತಂದಳು. ತಿಂಗಳಿಗೊಮ್ಮೆ ಅಳೆಯುವುದು ಈಗ ಅವಳ ಕೆಲಸ. ಎಡತೊಡೆ ಅಳೆದಳು, ಬಲತೊಡೆ ಅಳೆದಳು, ಕನ್ನಡಕ ಸರಿಮಾಡಿಕೊಂಡು ಬಲತೊಡೆಯನ್ನು ಇನ್ನೊಮ್ಮೆ ಅಳೆದಳು.

"ಇನ್ನೂ ಒಂದು ಸೆಂಟಿಮೀಟರ್ ಬಾಕಿ ಇದೆ" ಎಂದು ಟವೆಲ್ ತರಲು ಒಳಗೆ ಹೋದಳು.